ಕಿಟಕಿಗೆ ಹೋದ ಖಣ

“ಮಮ್ಮಿ, ಅಜ್ಜಿ ನನಗ ಟ್ರಂಕಿನ ಕೀಲಿ ಕೊಟ್ಟಾಳ!”

“ಸುಳ್ಳ ಹೇಳಬ್ಯಾಡ ಸೋನಾಲಿ.”

“ದೇವರಾಣಿ! ಇಲ್ಲಿ ನೋಡು.”

ತವೆಯ ಮೇಲಿನ ರೊಟ್ಟಿಯನ್ನು ಮರೆತು ಕಾಂಚನಾ ಮಗಳ ಅಂಗೈ ನೋಡಿದಳು. ಕರಿ ದಾರದಲ್ಲಿ ಹಿತ್ತಾಳೆಯ ಕೀಲಿ. ಅತ್ತೆಯದೇ. ಮದುವೆಯಾಗಿ ಬಂದಾಗಿನಿಂದ ಅದನ್ನು ಅತ್ತೆಯ ಸೊಂಟದಲ್ಲಲ್ಲದೆ ಬೇರೆಲ್ಲೂ ಅವಳು ಕಂಡಿರಲಿಲ್ಲ. ಹೊಟ್ಟೆಯ ಮಗ ಗುರುರಾಜನಿಗೇ ಆ ಟ್ರಂಕಿನೊಳಗೆ ಏನಿದೆಯೆಂದು ಗೊತ್ತಿರಲಿಲ್ಲ.

“ನಿನಗ್ಯಾಕ ಕೊಟ್ರು?”

“ಹಾಲ್‌ನ ಪರದೀಗೆ ಹಳೇ ಖಣ ಬೇಕಂದೆ. ತಗೋ ಅಂದ್ಲು. ಸಿಂಪಲ್!”

“ರೊಟ್ಟಿ ಸೀದ ವಾಸನಿ ಬರಾಕತ್ತೈತಿ” ಎಂದಳು ಅತ್ತೆ ಮಹಾದೇವಕ್ಕ ಒಳಗಿನಿಂದ. “ಕೀಲಿ ಎಲ್ಲಿ ಓಡಿ ಹೋಗಂಗಿಲ್ಲ. ಮೊದಲ ರೊಟ್ಟಿ ನೋಡ್ರಿ.”

ಮುಂಬೈ ಹತ್ತಿರದ ಡೊಂಬಿವಲಿಯ ಹಳೆ ಬಿಲ್ಡಿಂಗಿನ ಒಂದು ಕೋಣೆ, ಒಂದು ಅಡುಗೆಮನೆ ಬಿಟ್ಟು ಈ ಕುಟುಂಬ ದೀಪಾವಳಿಗೆ ಘಣಸೋಲಿಯ ಒಂಬತ್ತನೇ ಮಹಡಿಗೆ ಬಂದಿತ್ತು. ಹಳೆ ಮನೆಯಲ್ಲಿದ್ದದ್ದು ಒಂದೇ ಪರದೆ. ಅದೂ ಕಿಟಕಿಗಲ್ಲ, ಕೋಣೆಗೂ ಅಡುಗೆಮನೆಗೂ ನಡುವೆ, ಕಂದು ಹೂವಿನದು. ಗಂಡ ಹೆಂಡತಿ ಮಲಗುವಾಗ ಅದನ್ನು ಎಳೆಯುತ್ತಿದ್ದರು. ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ಮುತ್ತೈದೆಯರು ಬಂದಾಗಲೂ ಎಳೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮಹಾದೇವಕ್ಕ ಆ ಹೊತ್ತಿನಲ್ಲಿ ಅದರ ಹಿಂದೆ ಕೂತು ಚಹಾ ಸೋಸುತ್ತಿದ್ದಳು. ಒಳಗೆ ಕೂಡು ಎಂದು ಯಾರೂ ಹೇಳಿದ್ದಲ್ಲ, ಹೊರಗೆ ಬಾ ಎಂದು ಯಾರೂ ಕರೆದದ್ದೂ ಅಲ್ಲ. ಹಾಗೆ ನಡೆದುಬಂದಿತ್ತು.

ಹೊಸ ಮನೆಯಲ್ಲಿ ಎತ್ತ ನೋಡಿದರೂ ಕಿಟಕಿ. ಬೆಡ್‌ರೂಮಿಗೆ ಬೆಡ್‌ಶೀಟು, ಅಡುಗೆಮನೆಗೆ ನ್ಯೂಸ್‌ಪೇಪರು ಅಂಟಿಸಿ ದಿನ ದೂಡಿದರು. ಹಾಲ್ ಮಾತ್ರ ಬಟಾಬಯಲು. ಎದುರಿನ ಟವರಿನ ಬನಿಯನ್ ಅಂಕಲ್ ತನ್ನ ಬಾಲ್ಕನಿಯಲ್ಲಿ ಹೊಟ್ಟೆ ಒಳಗೆಳೆದು ಉಸಿರು ಬಿಡುತ್ತ ಇವರ ತಾಟನ್ನೇ ನೋಡುತ್ತಿದ್ದ.

“ಇವತ್ತ ಬದನಿಕಾಯಿ ಅಂತ ಅವಂಗೂ ಗೊತ್ತಾತು” ಎಂದು ಗುರುರಾಜ ದಿನವೂ ಹೇಳುತ್ತಿದ್ದ. ಪಲ್ಯ ಬದಲಾಗುತ್ತಿತ್ತು, ಜೋಕು ಬದಲಾಗುತ್ತಿರಲಿಲ್ಲ.

ಡಿಸೆಂಬರಿನ ಒಂದು ರವಿವಾರ ಮೂವರು ಹೆಂಗಸರೂ ಪರದೆ ಬಟ್ಟೆ ಕೊಳ್ಳಲು ಉಲ್ಹಾಸನಗರಕ್ಕೆ ಹೋದರು. ಅಂಗಡಿಯವನು ಬಟ್ಟೆಯ ಥಾನಿನ ಮೇಲೆ ಥಾನು ಬಿಚ್ಚಿ ಹಾಸಿದ. ಕಾಂಚನಾ ಮನೆಯಲ್ಲೇ ಎಲ್ಲ ಯೋಚಿಸಿಕೊಂಡು ಬಂದಿದ್ದಳು. ತಮ್ಮ ಬೆಡ್‌ರೂಮು ಪಡುವಣಕ್ಕಿದೆ, ಮಧ್ಯಾಹ್ನ ಕಾದ ಹಂಚಾಗುತ್ತದೆ, ಅದಕ್ಕೆ ದಪ್ಪನೆಯ ನೀಲಿ. ಅಡುಗೆಮನೆಗೆ ಬಟ್ಟೆ ಬೇಡ, ಸುತ್ತಿ ಮೇಲೇರಿಸುವ ಬ್ಲೈಂಡ್.

“ಒಗ್ಗರಣಿ ಎಣ್ಣಿ ಹಾರತೈತಿ. ಒದ್ದಿ ಅರಬಿಲೆ ಒರಿಸಿದ್ರ ಹೋಗಬೇಕು” ಎಂದಳು.

ಸೋನಾಲಿ ಮತ್ತು ಅಜ್ಜಿಯದು ಒಂದೇ ಕೋಣೆ. ಅದಕ್ಕೆ ಸೋನಾಲಿ ಪಟ್ಟಿಪಟ್ಟಿಯ ಬಿಳಿ ಬ್ಲೈಂಡ್ ಹಿಡಿದಳು.

“ಅಜ್ಜಿ, ಹೇಗಿದೆ? ಭಾರೀ ನಾ?”

“ನನಗ ಏನೂ ಬ್ಯಾಡವಾ. ಕಿಡಕಿ ಹಂಗ ಇರ್ಲಿ. ಪರದಿ ಹಿಂದ ಕೂತು ಸಾಕಾಗೇತಿ.”

“ಎದರಿನಾಂವ ನೋಡತಾನ್ರೀ ಅತ್ತೀ” ಎಂದಳು ಕಾಂಚನಾ, ಕಣ್ಣು ಸ್ಯಾಂಪಲ್ಲಿನ ಪುಸ್ತಕದ ಮೇಲಿಟ್ಟೇ.

“ನೋಡಲಿ ತಗೋ. ನನ್ನ ನೋಡಿ ಏನ ಮಾಡತಾನ, ಪಾಪ.”

ಸೋನಾಲಿ ಬಿದ್ದು ಬಿದ್ದು ನಕ್ಕಳು. ಅಜ್ಜಿ ಮೊದಲು ಆಡಿದ ಪರದೆಯ ಮಾತು ಯಾರ ಕಿವಿಗೂ ಬೀಳಲಿಲ್ಲ.

ಹಾಲ್‌ನ ವಿಷಯಕ್ಕೆ ಮಾತ್ರ ಅಲ್ಲೇ ಜಗಳ. ಕಾಂಚನಾ ಮೆರೂನ್ ವೆಲ್ವೆಟ್ಟಿಗೆ ಕೈ ಹಾಕಿದರೆ ಮಗಳು, “ಮಮ್ಮಿ ಪ್ಲೀಸ್, ಮಂಗಲ ಕಾರ್ಯಾಲಯ ಕಂಡಂಗ ಕಾಣತೈತಿ” ಎಂದಳು. ಫೋನು ತೆಗೆದು ತೋರಿಸಿದಳು: ಯಾರದೋ ಮನೆಯ ಕಿಟಕಿಗೆ ಗುಳೇದಗುಡ್ಡದ ಖಣದ ಪರದೆ. ಕುಬಸ ಹೊಲಿಸುವ ಆ ಬಟ್ಟೆ ಬೆಳಕಿಗೆ ಹಿಡಿದಾಗ ದೀಪ ಹಚ್ಚಿದಂತೆ ಹೊಳೆಯುತ್ತಿತ್ತು. “ನಮ್ಮ ಕಲ್ಚರ್ ಮಮ್ಮಿ! ಮತ್ತ ಅಜ್ಜಿ ಟ್ರಂಕಿನ್ಯಾಗ ಇರತಾವ ನಾ. ಹೊಸಾದು ಯಾಕ ಕೊಳ್ಳೂದು?”

ಹೀಗೆ ಕೀಲಿ ಅವಳ ಕೈಗೆ ಬಂದದ್ದು.

ಟ್ರಂಕು ತೆರೆದಾಗ ಡಾಂಬರಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಮೇಲೆಲ್ಲ ಖಣಗಳು. ಮಹಾದೇವಕ್ಕ ಮುತ್ತೈದೆಯಾಗಿದ್ದಾಗ ಮದುವೆ ಮುಂಜಿಯಲ್ಲಿ ಬಂದವು, ಹೊಲಿಸದೆ ಉಳಿದವು.

“ಮ್ಯಾಲಿನವು ಬೇಕಾದಷ್ಟ ತಗೋ. ತಳದಾಗ ನಿಮ್ಮಜ್ಜನ ಧೋತರದಾಗ ಕಟ್ಟಿದ್ದೊಂದು ಗಂಟೈತಿ. ಅದನ್ನ ಮುಟ್ಟಬ್ಯಾಡ.”

“ಏನೈತಿ ಅದರಾಗ? ಬಂಗಾರಾ?”

“ಹೂಂ. ನಿನ್ನ ಮದವೀಗೆ” ಎಂದು ಅಜ್ಜಿ ನಕ್ಕು ಹೊರಗೆ ಹೋದಳು.

ಸೋನಾಲಿ ಆ ದಿನ ಮುಟ್ಟಲಿಲ್ಲ. ನಿಜವಾಗಿಯೂ ಮುಟ್ಟಲಿಲ್ಲ. ಆದರೆ ಘಣಸೋಲಿ ಗಾಂವ್‌ನ ಟೇಲರ್ ತುಂಡು ತುಂಡು ಜೋಡಿಸಿ ಅಳತೆ ಹಾಕಿ, ಕೌದಿಯ ಹಾಗೆ ಚೌಕ ಚೌಕ ಕೂಡಿಸಿದರೂ ಕೆಳಗಿನ ಸಾಲಿಗೆ ಬಟ್ಟೆ ಸಾಲದು ಎಂದ. ಸಂಕ್ರಾಂತಿ ಹತ್ತಿರ ಬಂದಿತ್ತು. ಅಜ್ಜಿ ಸ್ನಾನಕ್ಕೆ ಹೋದದ್ದು ನೋಡಿ ಸೋನಾಲಿ ಟ್ರಂಕಿಗೆ ಕೈ ಹಾಕಿದಳು. ಧೋತರದ ಗಂಟಿನಲ್ಲಿ ಬಂಗಾರವಿರಲಿಲ್ಲ. ಇದ್ದದ್ದು ಖಣವೇ, ಮೇಲಿನವುಗಳಿಗಿಂತ ಹೊಸವು. ಹಸಿರು, ಗುಲಾಬಿ, ನವಿಲುಬಣ್ಣ. ಎಲ್ಲದರ ಮೂಲೆಯಲ್ಲೂ ಒಂದೊಂದು ಚಿಟಿಕೆ ಅರಿಷಿಣದ ಕಲೆ.

ಅಜ್ಜಿ ಉಡುವುದು ತಿಳಿ ಬೂದಿ, ಬಿಳಿ ಚುಕ್ಕಿಯ ಸೀರೆ. ಇವನ್ನು ಅವಳು ಹೇಗೂ ತೊಡುವುದಿಲ್ಲವಲ್ಲ, ಎಂದುಕೊಂಡಳು ಸೋನಾಲಿ. ಹಾಗೆಂದುಕೊಂಡದ್ದೇ ತಡ, ಅವು ಅವಳ ಕಾಲೇಜು ಬ್ಯಾಗಿನಲ್ಲಿದ್ದವು. ಧೋತರವನ್ನು ಹಳೆ ಟವೆಲ್ಲಿಗೆ ಸುತ್ತಿ ಗಂಟು ಹಾಕಿ ಇದ್ದಲ್ಲೇ ಇಟ್ಟಳು.

ಪರದೆ ಏರಿದ ಸಂಜೆ ಮನೆಯೇ ಬದಲಾಯಿತು. ಮುಳುಗುವ ಬಿಸಿಲು ಖಣದ ಹಿಂದಿನಿಂದ ಬಂದು ಹಾಲ್ ಪೂರ್ತಿ ಕೆಂಪು ಹಸಿರಾಯಿತು. ಗುರುರಾಜ ಸೋಫಾದಿಂದ ಎದ್ದು ನಿಂತು, “ಲೇ, ಅಂಕಲ್‌ಗ ಇನ್ನ ನಮ್ಮ ಮನಿ ಪಲ್ಯ ಗೊತ್ತಾಗಂಗಿಲ್ಲ” ಎಂದ. ಕಾಂಚನಾ ಒಪ್ಪಿಕೊಳ್ಳಲು ಮನಸ್ಸಿಲ್ಲದೆ, “ಛಲೋ ಆಗೇತಿ ಬಿಡು” ಎಂದಳು.

ಮಹಾದೇವಕ್ಕ ಪರದೆಯ ಹತ್ತಿರ ಹೋದಳು. ಕೆಳಗಿನ ಸಾಲಿನ ಹಸಿರು ಚೌಕವೊಂದರ ಮೇಲೆ ಬೆರಳಿಟ್ಟಳು.  ಸೋನಾಲಿ ಫೋನಿನತ್ತ ಮುಖ ತಿರುಗಿಸಿದಳು.

“ಛಂದ ಆಗೇತಿ” ಎಂದಷ್ಟೇ ಹೇಳಿ ಅಜ್ಜಿ ಒಳಗೆ ಹೋದಳು. ಆ ರಾತ್ರಿ ತಾಟಿನಲ್ಲಿ ಅರ್ಧ ರೊಟ್ಟಿ ಉಳಿಯಿತು. ಅಜ್ಜಿ ಅನ್ನ ಚೆಲ್ಲುವವಳಲ್ಲ. ಸೋನಾಲಿ ಆ ಅರ್ಧ ರೊಟ್ಟಿಯನ್ನು ನೋಡಿದಳು, ತಿಳಿದುಕೊಂಡಳು, ಆದರೂ ಬಾಯಿ ಬಿಡಲಿಲ್ಲ.

ಸಂಕ್ರಾಂತಿಯ ಮರುವಾರ ಹಳದಿ-ಕುಂಕುಮ. ಹೊಸ ಮನೆಯ ಮೊದಲನೆಯದು, ಅದಕ್ಕೇ ಡೊಂಬಿವಲಿಯವರನ್ನೂ ಕರೆದಿದ್ದರು. ಕುಸರೆಳ್ಳಿನ ಪೊಟ್ಟಣಗಳನ್ನೆಲ್ಲ ಮಹಾದೇವಕ್ಕ ಬೆಳಿಗ್ಗೆಯೇ ಕಟ್ಟಿಕೊಟ್ಟಿದ್ದಳು. ನಾಲ್ಕು ಗಂಟೆಯಾದೊಡನೆ ತಾನಾಗಿಯೇ ಅಡುಗೆಮನೆ ಸೇರಿ ಚಹಾಕ್ಕೆ ನೀರಿಟ್ಟಳು. ಇಲ್ಲಿ ಅಡುಗೆಮನೆಗೆ ಬಾಗಿಲೇ ಇದ್ದುದರಿಂದ ಪರದೆ ಎಳೆಯುವ ಪ್ರಮೇಯವಿರಲಿಲ್ಲ. ಬಾಗಿಲನ್ನೇ ಮುಂದೆ ಮಾಡಿದರು.

ಬಂದವರೆಲ್ಲ ಮೊದಲು ನೋಡಿದ್ದು ಕಿಟಕಿಯನ್ನು. ಗುರುರಾಜನ ತಮ್ಮ ಕೈಲಾಸನ ಹೆಂಡತಿ, ಅಂದರೆ ಸೋನಾಲಿಯ ಕಾಕು, ಪರದೆಯನ್ನು ಸೀರೆಯಂಗಡಿಯಲ್ಲಿ ಸೆರಗು ನೋಡುವಂತೆ ಹಿಡಿದು ನೋಡಿದಳು.

“ಅಯ್ಯ, ಈ ಕೆಂಪು ನನ್ನ ಮದವ್ಯಾಗ ನಮ್ಮವ್ವ ಅತ್ತೀಗೆ ಕೊಟ್ಟದ್ದು! ಅವ್ವ ಇದಕ್ಕ ಅಂಗಡಿ ಅಂಗಡಿ ಅಡ್ಡಾಡಿದ್ಲು. ಇಲ್ಲಿ ಕಿಡಕ್ಯಾಗ ಜೋತಾಡಾಕತ್ತೈತಿ.”

ಎಲ್ಲರೂ ನಕ್ಕರು. ಕಾಂಚನಾ ಕೂಡ ನಕ್ಕಳು. ಅಷ್ಟರಲ್ಲಿ ಸತ್ಯಭಾಮಾ ಒಳಗೆ ಬಂದಳು. ಉಡುಪಿ ಕಡೆಯವಳು. ಡೊಂಬಿವಲಿಯಲ್ಲಿ ಇವರ ಹಳೆ ಬಿಲ್ಡಿಂಗಿನ ಮೇಲಿನ ಮಹಡಿ, ಗಂಡ ಪುಂಡರೀಕಾಕ್ಷರದು ಕೆಳಗೇ ಹೋಟೆಲು. ಎರಡು ರೈಲು ಹಿಡಿದು ಬಂದವಳು ಬೆವರು ಒರೆಸಿಕೊಳ್ಳುತ್ತ ಪರದೆ ನೋಡಿದಳು. ನೋಡುತ್ತಲೇ ನಿಂತಳು.

“ಇದೆಂತ ಮಾರಾಯ್ತಿ? ನಾನು ವರ್ಷ ವರ್ಷ ಮಹಾದೇವಕ್ಕನಿಗೆ ಕೊಟ್ಟ ಖಣ ಅಲ್ವಾ ಇದು? ಹುಬ್ಬಳ್ಳಿಯಿಂದ ತಮ್ಮನ ಹತ್ರ ತರಿಸಿದ್ದು. ಒಂದನ್ನೂ ಹೊಲಿಸ್ಲೇ ಇಲ್ವಾ ಅವರು?”



“ಅತ್ತೀಗೆ?” ಎಂದಳು ಕಾಕು. “ವರ್ಷ ವರ್ಷ ಅಂದ್ರ... ಮಾವ ಹೋದ ಮ್ಯಾಲೂ? ಮುತ್ತೈದೇರಿಗೆ ಕೊಡೂದಲ್ಲ ಅದು?”

ಸತ್ಯಭಾಮಾ ನಾಲಗೆ ಕಚ್ಚಿಕೊಂಡಳು. ಆಡಿದ ಮಾತು ಒಡೆದ ಮೊಸರಗಡಿಗೆ, ಮತ್ತೆ ತುಂಬಲಾಗದು. ಅಡುಗೆಮನೆಯಲ್ಲಿ ಚಹಾ ಸೋಸುವ ಸದ್ದು ನಿಂತುಹೋಯಿತು. ಕಾಂಚನಾಳ ಬೆರಳ ತುದಿಯ ಕುಂಕುಮ ಯಾರ ಹಣೆಗೂ ಹೋಗದೆ ಅಲ್ಲೇ ಉಳಿಯಿತು.

“ನೋಡ ಕಾಂಚನಕ್ಕ,” ಎಂದಳು ಕಾಕು ಮೆಲ್ಲಗೆ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, “ನಾವಿಬ್ಬರು ಸೊಸ್ತೇರಿದ್ದು ನಮ್ಮತ್ತೀಗೆ ಹೊರಗಿನವರು ಖಣಾ ಕೊಡೂವಂಗಾತು. ಕೊಟ್ಟದ್ದನ್ನ ನೀವು ಕಿಡಕೀಗೆ ಹಾಕಿದ್ರಿ.”

ಸತ್ಯಭಾಮಾ ಚಹಾ ಮುಟ್ಟಲಿಲ್ಲ. ಎಳ್ಳಿನ ಪೊಟ್ಟಣ ಟೀಪಾಯಿಯ ಮೇಲೇ ಬಿಟ್ಟು, ರೈಲು ತಪ್ಪುತ್ತದೆ ಎಂದು ಹೊರಟಳು. ಅಡುಗೆಮನೆಯ ಬಾಗಿಲತ್ತ ಒಮ್ಮೆ ತಿರುಗಿದಳು. ಬಾಗಿಲು ತೆರೆಯಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಕಾಂಚನಾ ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿದಳು.

“ಅತ್ತೀ, ನನಗೊಂದ ಮಾತ ಹೇಳಬೇಕಿತ್ತಿಲ್ರೀ? ನಿಮಗ ಖಣಾ ಬೇಕಿತ್ತಂದ್ರ ನಾ ಒಲ್ಲೆ ಅಂತಿದ್ನೇನು? ನಾಕ ಮಂದ್ಯಾಗ ನನ್ನ ಮಾರಿ ಸುಟ್ಟಂಗಾತು. ಕದ್ದು ಕದ್ದು ಮ್ಯಾಲಿನ ಮನ್ಯಾಕಿ ಕಡಿಂದ ಇಸಗೋಳ್ಳೂದಂದ್ರ!”

“ಕದ್ದಿಲ್ಲವಾ. ಮೆಟ್ಟಲದಾಗ ಕೊಡತಿದ್ಲು. ಇಸಗೋತಿದ್ದೆ.”

“ಮೆಟ್ಟಲದಾಗ ಯಾಕ?”

“ಮನ್ಯಾಗ ಜಾಗಾ ಎಲ್ಲಿತ್ತು?”

ಗುರುರಾಜ ತಾಟು ಸರಿಸಿದ. “ಆತಲ್ಲ, ಬಿಡ್ರಿ. ಹೊಸಾ ಖಣಾ ತಂದ ಆ ಸತ್ಯಭಾಮಕ್ಕಗ ವಾಪಸ ಕೊಟ್ರಾತು. ಎಷ್ಟ ಆಗತೈತಿ?”

“ನೀ ಉಣ್ಣೋ ಗುರು” ಎಂದಳು ಮಹಾದೇವಕ್ಕ.

ಸೋನಾಲಿ ತಾಟಿನಲ್ಲಿ ಅನ್ನ ಕಲಸುತ್ತಲೇ ಇದ್ದಳು. ಮುಟ್ಟಬೇಡ ಎಂದದ್ದನ್ನು ಮುಟ್ಟಿದವಳು ತಾನು. ಬೈಗುಳ ಬೀಳುತ್ತಿದ್ದದ್ದು ಅಜ್ಜಿಗೆ. ಅಜ್ಜಿ ಅವಳ ಹೆಸರು ಎತ್ತಲಿಲ್ಲ. ಬಿಸಿ ತುಪ್ಪವಾಯಿತು ಅದು, ನುಂಗಲೂ ಆಗದು, ಉಗುಳಲೂ ಆಗದು.

ಆ ವಾರ ಮನೆಯಲ್ಲಿ ಕುಕ್ಕರ್ ಬಿಟ್ಟರೆ ಬೇರೆ ಯಾರೂ ಬಾಯಿ ಬಿಡಲಿಲ್ಲ. ದಿನಾ ಮಧ್ಯಾಹ್ನ ಮಲಗಿ ಎದ್ದಮೇಲೆ ಮಹಾದೇವಕ್ಕ ಸತ್ಯಭಾಮಾಳಿಗೆ ಫೋನು ಮಾಡುವುದು ರೂಢಿ. ಏನು ಅಡುಗೆ, ಮೊಣಕಾಲು ಹೇಗಿದೆ, ಹಳೆ ಬಿಲ್ಡಿಂಗಿನಲ್ಲಿ ನೀರು ಬಂತೇ. ಈಗ ಮಂಚದ ಮೇಲೆ ಫೋನು ಇಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳು. ಎರಡು ಸಲ ಹಚ್ಚಿದಳು. ಆ ಕಡೆ ಎತ್ತಲಿಲ್ಲ.

“ಏನ ತಿಳ್ಕೊಂಡ್ಲೋ ಆಕಿ” ಎಂದಳು ಒಮ್ಮೆ, ಸೋನಾಲಿಗಲ್ಲ, ಗೋಡೆಗೆ. “ಕೊಟ್ಟದ್ದಕ್ಕ ಕಿಮ್ಮತ್ತಿಲ್ಲಂತ ತಿಳ್ಕೊಂಡಿರಬೇಕು.”

ಸೋನಾಲಿ ಬಿಳಿ ಬ್ಲೈಂಡನ್ನು ಸರಕ್ಕನೆ ಮೇಲೇರಿಸಿದಳು. ಅಜ್ಜಿ ಬೇಡವೆಂದರೂ ಹಾಕಿಸಿದ್ದು ಅದು. ಮೊದಲ ಸಲ ಅದರ ಸದ್ದು ಅವಳಿಗೆ ಸಹಿಸಲಾಗದಾಯಿತು.

ಶುಕ್ರವಾರ ಕಾಲೇಜು ಬಿಟ್ಟವಳೇ ಠಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಗೆ ಹೋದಳು. ಹೋಟೆಲಿನ ಗಲ್ಲಾದಲ್ಲಿ ಪುಂಡರೀಕಾಕ್ಷರು ಚಿಲ್ಲರೆ ಎಣಿಸುತ್ತಿದ್ದರು.

“ಓಹೋ, ಕರ್ಟನ್ ಇಂಜಿನಿಯರ್ ಬಂದ್ಲು! ನನ್ನ ಪಂಚೆ ಒಗೆದು ಹಾಕಿದ್ದೇನೆ ಮಾರಾಯ್ತಿ, ಅದನ್ನೂ ಕೊಂಡುಹೋಗ್ತೀಯಾ? ಬಾತ್‌ರೂಮ್ ಕಿಟಕಿಗೆ ಆದೀತು.”

ಸೋನಾಲಿಗೆ ನಗು ಬರಲಿಲ್ಲ. ಅದನ್ನು ನೋಡಿ ಅವರಿಗೇ ಪೆಚ್ಚಾಯಿತು. “ಮೇಲಿದ್ದಾಳೆ, ಹೋಗು. ತಿಂಡಿ ಕಳಿಸ್ತೇನೆ” ಎಂದರು.

ಸತ್ಯಭಾಮಾ ಹುರುಳಿ ಆರಿಸುತ್ತಿದ್ದಳು. ಕೂತುಕೋ ಎನ್ನಲಿಲ್ಲ. ಸೋನಾಲಿ ನಿಂತೇ ಎಲ್ಲ ಹೇಳಿದಳು, ಅರ್ಧ ಕನ್ನಡ, ಅರ್ಧ ಹಿಂದಿ. ಗಂಟು, ಧೋತರ, ಟವೆಲ್ಲು. ಅಜ್ಜಿ ಮುಟ್ಟಬೇಡ ಅಂದದ್ದು.

“ಮತ್ತೆ ಯಾಕೆ ಮುಟ್ಟಿದ್ದು?”

“ಅಜ್ಜಿ ಹೆಂಗೂ ತೊಡೂದಿಲ್ಲ ಅಂತ... ಅನ್ಸಿತು.”

ಸತ್ಯಭಾಮಾಳ ಕೈ ಮೊರದಲ್ಲೇ ನಿಂತಿತು. “ನಾನು ಮದುವೆಯಾಗಿ ಈ ಬಿಲ್ಡಿಂಗಿಗೆ ಬಂದಾಗ ನನಗೆ ಇಲ್ಲಿ ಒಂದು ನರಪಿಳ್ಳೆಯ ಗುರುತಿಲ್ಲ. ಮೊದಲ ಸಂಕ್ರಾಂತಿಗೆ ನಿನ್ನ ಅಜ್ಜಿ ಕೆಳಗೆ ಕರೆದು ಮಡಿಲು ತುಂಬಿದ್ರು, ಇದೇ ಥರದ ಖಣ. ಅವರ ಯಜಮಾನ್ರು ತೀರಿಕೊಂಡ ವರ್ಷ ನಾನು ಕುಂಕುಮಕ್ಕೆ ಬಂದೆ, ಅವರು ಪರದೆ ಹಿಂದೆ. ಪರದೆ ಕೆಳಗೆ ಅವರ ಕಾಲು ಮಾತ್ರ ಕಾಣ್ತಿತ್ತು ನನಗೆ. ಎಂತ ಮಾಡುದು ಹೇಳು? ಎಲ್ಲರೆದುರು ಕೊಡ್ಲಿಕ್ಕೆ ನನಗೂ ಧೈರ್ಯ ಇರ್ಲಿಲ್ಲ. ಮೆಟ್ಟಿಲಲ್ಲಿ ಕೊಟ್ಟೆ. ಈಗ ನೋಡು, ಎಲ್ಲರೆದುರು ಬಾಯಿ ಬಿಟ್ಟು ಅವರ ಮರ್ಯಾದೆ ತೆಗ್ದೆ. ಯಾವ ಮುಖ ಇಟ್ಕೊಂಡು ಫೋನ್ ಎತ್ತುದು?”

“ಆಂಟಿ, ಸಾರೀ.”

“ನನಗೆ ಹೇಳಿ ಎಂತ ಆಗ್ತದೆ? ಮನೆಗೆ ಹೋಗಿ ಹೇಳು. ನಿನ್ನ ಅಮ್ಮನ ಎದುರು.”

ಶನಿವಾರ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಿದ್ದಾಗ ಸೋನಾಲಿ ಹೇಳಿದಳು. ರೊಟ್ಟಿ ಬಾಯಲ್ಲಿಟ್ಟುಕೊಂಡೇ ಹೇಳಿದಳು, ಇಲ್ಲದಿದ್ದರೆ ಹೇಳಲಾಗುತ್ತಿರಲಿಲ್ಲ. ಕೊನೆಯ ಮಾತನ್ನೂ ನುಂಗಲಿಲ್ಲ: ಅಜ್ಜಿ ಹೇಗೂ ತೊಡುವುದಿಲ್ಲ ಎಂದುಕೊಂಡದ್ದು.

ತಾಯಿ ಹೊಡೆಯುತ್ತಾಳೆಂದುಕೊಂಡಿದ್ದಳು. ಕಾಂಚನಾ ಕೈ ಎತ್ತಲಿಲ್ಲ. ಅಜ್ಜಿ ತೊಡುವುದಿಲ್ಲ ಎಂದುಕೊಂಡದ್ದು ಮಗಳೊಬ್ಬಳೇ ಅಲ್ಲವಲ್ಲ.

“ಯಾಕ ಹೊಲಿಸಲಿಲ್ರೀ ಅತ್ತೀ?” ಎಂದಳು ಕಾಂಚನಾ.

“ಹೊಲಿಸಿ ತೊಟ್ರ ನೀ ಕೇಳತಿದ್ದಿ, ಯಾರ ಕೊಟ್ರಂತ. ಹೇಳಿದ್ರ ನಿನಗ ಕೆಟ್ಟ ಅನಸತಿತ್ತು. ನೀ ಕೊಟ್ಟಿದ್ದಿಲ್ಲಲ್ಲ.” ಮಹಾದೇವಕ್ಕ ಮೊಸರನ್ನು ಸೊಸೆಯ ತಾಟಿಗೆ ಬಡಿಸಿದಳು. “ನಿಂದೇನೂ ತಪ್ಪಿಲ್ಲವಾ. ನಾ ನಮ್ಮತ್ತೀನ ಹಿತ್ತಲದಾಗ ಕೂಡಸತಿದ್ದೆ. ಆಕೀಗೆ ಪರದೀನೂ ಇರಲಿಲ್ಲ.”

ಕಾಂಚನಾ ಮೊಸರು ಮುಟ್ಟದೆ ಎದ್ದಳು. ಸ್ಟೂಲು ಎಳೆದು ರಾಡಿನಿಂದ ಪರದೆ ಇಳಿಸಿದಳು. ನೆಲದ ಮೇಲೆ ಹರವಿ, ಬ್ಲೇಡು ಹಿಡಿದು ಹೊಲಿಗೆ ಬಿಚ್ಚತೊಡಗಿದಳು. ಸೋನಾಲಿ ಎದುರು ಕೂತು ದಾರ ಕಿತ್ತಳು. ಕೆಳಗಿನ ಸಾಲು ಬಿಡಿಸಿದಾಗ ತಿಳಿಯಿತು, ಎಲ್ಲವನ್ನೂ ಚೌಕಕ್ಕೆ ಕತ್ತರಿಸಲಾಗಿತ್ತು. ಒಂದು ತುಂಡಿನಲ್ಲೂ ಕುಬಸ ಆಗುವಂತಿರಲಿಲ್ಲ. ಕಾಂಚನಾ ತುಂಡಿನ ಪಕ್ಕ ತುಂಡಿಟ್ಟು ನೋಡಿದಳು, ತೋಳಿಗಾದರೂ ಆದೀತೇ ಎಂದು. ಆಗಲಿಲ್ಲ. ಅರಿಷಿಣದ ಕಲೆಯಿದ್ದ ಮೂಲೆಗಳು ಟೇಲರನ ಚಿಂದಿಯ ಜೊತೆ ಎಲ್ಲಿಗೋ ಹೋಗಿದ್ದವು.

“ಫೋನ ಹಚ್ಚು” ಎಂದಳು.

“ಯಾರಿಗೆ?”

“ಗೊತ್ತಿಲ್ಲೇನ ನಿನಗ?”

ಸೋನಾಲಿಯ ಫೋನಿನಿಂದ ಹೋದ ಕರೆಯನ್ನು ಸತ್ಯಭಾಮಾ ಎತ್ತಿದಳು. ಸ್ಪೀಕರ್ ಹಾಕಿ ನೆಲದ ಮೇಲಿಟ್ಟರು.

“ನಾನರೀ, ಕಾಂಚನಾ.”

“ಹೂಂ.”

“ಹುಡುಗಿ ಹೇಳಿದ್ಲು. ಪರದಿ ಬಿಚ್ಚೀನ್ರೀ. ಆದ್ರ ಯಾವುದೂ ಉಳದಿಲ್ಲ. ತುಂಡ ಮಾಡ್ಯಾರ.” ಒಂದು ತುಂಡನ್ನು ಮಡಚಿದಳು. “ತಪ್ಪು ಹುಡುಗೀದಷ್ಟ ಅಲ್ರೀ. ಇಷ್ಟ ವರ್ಷ ನಾ ಕೊಡಬೇಕಾದ್ದನ್ನ ನೀವ ಕೊಟ್ರಿ. ನನಗ ನಾಚಿಕಿ ಆಗೇತ್ರೀ. ನಿಮ್ಮ ಮ್ಯಾಲೆ ಸಿಟ್ಟ ಮಾಡ್ಕೊಂಡಿದ್ದು ಅದಕ್ಕ.”

ಆ ಕಡೆ ಹೋಟೆಲಿನ ಗ್ರೈಂಡರಿನ ಸದ್ದು. ಆಮೇಲೆ ಸತ್ಯಭಾಮಾಳ ದನಿ.

“ನಾಳೆ ರಥಸಪ್ತಮಿ. ನಮ್ಮಲ್ಲಿ ಹಳದಿ-ಕುಂಕುಮ, ನಾಲ್ಕು ಗಂಟೆಗೆ. ಮಹಾದೇವಕ್ಕನನ್ನು ಕರ್ಕೊಂಡು ಬಾ. ಅವರು ಹಾಲ್‌ನಲ್ಲಿ ಕೂತ್ಕೊಳ್ಬೇಕು, ಸೋಫಾದಲ್ಲಿ. ಈ ಸರ್ತಿ ಮೆಟ್ಟಿಲಲ್ಲಿ ಕೊಡುದಿಲ್ಲ ನಾನು. ನಿನ್ನ ಓರಗಿತ್ತಿಯೂ ಬರ್ತಾಳೆ, ಈಗಲೇ ಹೇಳ್ತೇನೆ. ಆಗ್ತದಾ?”

ಓರಗಿತ್ತಿಯ ಮಾತು ಬಂದೊಡನೆ ಕಾಂಚನಾಳ ಮುಖ ಕೆಂಪಾಯಿತು. ಬ್ಲೇಡನ್ನು ಕಾಗದದಲ್ಲಿ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

“ಆಗತೈತ್ರಿ. ಆದ್ರ ಒಂದು. ಮೊದಲ ನಾ ಕೊಡತೀನಿ. ಆಮ್ಯಾಲೆ ನೀವು.”

“ನನ್ನ ಯಾರರೆ ಕೇಳಿದ್ರೇನು?”

ಮಹಾದೇವಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಒದ್ದೆ ಅರಿವೆ. 

“ಕುಂಕಮ ಹಚ್ಚಬ್ಯಾಡ್ರಿ. ಅದು ಸೋನಾಲಿ ಅಜ್ಜನ ಕೂಡ ಹೋತು, ಹೋಗಲಿ. ಖಣಾ ಕೊಟ್ರ ಇಸಗೋತೀನಿ. ಹಸರದು. ಹೊಲಿಸಿ ತೊಡತೀನಿ.” ನೆಲದ ಮೇಲಿನ ತುಂಡುಗಳನ್ನು ನೋಡಿದಳು. “ಇವನ್ನ ಒಗೀಬ್ಯಾಡ್ರಿ. ಕೌದಿ ಹೊಲೀತೀನಿ, ಸೋನಾಲಿ ದಾರಾ ಪೋಣಿಸಿ ಕೊಡಲಿ. ದಿನಾ.”

“ಹೂಂ ಅಜ್ಜಿ” ಎಂದಳು ಸೋನಾಲಿ. ತಲೆ ಎತ್ತಲಿಲ್ಲ.

ಹಾಲ್ ಮತ್ತೆ ಬಟಾಬಯಲಾಗಿತ್ತು. ಎದುರಿನ ಬಾಲ್ಕನಿಯಲ್ಲಿ ಬನಿಯನ್ ಅಂಕಲ್ ಬಂದು ನಿಂತು ಇತ್ತಲೇ ನೋಡಿದ. ಯಾರೂ ಬೆಡ್‌ಶೀಟು ಹುಡುಕಲಿಲ್ಲ. ಗುರುರಾಜನೂ ಪಲ್ಯದ ಜೋಕು ಮಾಡಲಿಲ್ಲ. ಮೊಬೈಲಿನಲ್ಲಿ ರೈಲಿನ ಟೈಮು ನೋಡುತ್ತಿದ್ದ.

“ರವಿವಾರ ಮೆಗಾಬ್ಲಾಕ್ ಇರತೈತಿ, ಗಾಡಿ ಕಮ್ಮಿ” ಎಂದ. “ನಾಲ್ಕಕ್ಕ ಅಲ್ಲಿ ಇರಬೇಕಂದ್ರ ನಾಳೆ ಎರಡ ಗಂಟೇಕ್ಕ ಮನಿ ಬಿಡಬೇಕು.”

“ಒಂದೂವರಿಗೆ” ಎಂದಳು ಮಹಾದೇವಕ್ಕ. “ಇವತ್ತೇ ಹೇಳಿ ಇಡತೀನಿ, ಅಲ್ಲಿ ಹಾಲ್‌ನ್ಯಾಗ ನಾ ಮುಂದ ಕೂಡಾಕಿ.”